ಬೀಗಿತಿ ಎದುರು ತುರಿದ ಚೀಸು

“ಅಜ್ಜಿ, ಸರ್ಯಾಗಿ ಕೇಳುಸ್ಕೋ. ಅದು ನಮ್ಮ ಕಾಮಗೆರೆ ಓಟ್ಲಲ್ಲ, ಮೈಸೂರ್‌ನಲ್ಲಿರೋ ಇಟಲಿ ಊಟದ ಓಟ್ಲು. ಮಡ್ಲು ಮ್ಯಾಲೆ ಆಸ್ಕಳಕ್ಕೆ ಬಟ್ಟೆ ಕೊಡ್ತಾರೆ, ಅದ್ರಲ್ಲಿ ಮೂಗು ಒರಸ್ಕಬ್ಯಾಡ. ಸೊರ್ ಅಂತ ಸದ್ದು ಮಾಡ್ಬ್ಯಾಡ. ಎಲೆಅಡ್ಕೆ ಸಂಚಿ ಮನೇಲೇ ಬುಡು. ಹುಡ್ಗನ ಅವ್ವ ಒಪ್ಪುದ್ರೇನೇ ಸಂಬಂಧ. ನಂಗೆ ಆ ಹುಡ್ಗ ಇಷ್ಟ ಆಗವ್ನೆ. ನಿನ್ನ ದಮ್ಮಯ್ಯ ಕಣಜ್ಜಿ, ಕೆಡುಸ್ಬ್ಯಾಡ!”

ಮೊಮ್ಮಗಳು ಶೃತಿಯ ಈ ಉಪದೇಶವನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ಓದಿದ್ದು ಮೂರನೇ ಕ್ಲಾಸಾದರೇನು, ನನ್ನ ಕಿವಿಗಳೆರಡೂ ಪದವೀಧರರು! ಇಟಲಿಯೇ ಎದ್ದು ಬರಲಿ, ನಮ್ಮ ಮನೆತನದ ಮಾನ ಉಳಿಸಿಯೇ ತೀರುತ್ತೇನೆಂದು ಶಪಥ ಮಾಡಿ ಕಾರು ಹತ್ತಿದೆ.

ಹುಡುಗನ ತಾಯಿ ಪುಟ್ಟಗೌರಮ್ಮ ಅಗರದವರು. ಹೋಟೆಲಿನಲ್ಲಿ ನನ್ನ ಎದುರಿಗೆ ಬೆಟ್ಟದಂತೆ ಕೂತಿದ್ದರು. ಅಗಲವಾದ ತಟ್ಟೆಯ ನಡುವೆ ಒಂದೇ ಒಂದು ಹಿಡಿ ಶಾವಿಗೆಯಂಥದ್ದು ಬಂತು. ಹಿಂದೆಯೇ ಬಡಿಸುವವರಿಬ್ಬರು ಒಂದೊಂದು ಚೀಸಿನ ಗಟ್ಟಿ ಹಿಡಿದು ಬಂದರು. ಒಬ್ಬ ನನ್ನ ತಟ್ಟೆಗೆ, ಇನ್ನೊಬ್ಬ ಅವರ ತಟ್ಟೆಗೆ ತುರಿಯತೊಡಗಿದರು.

“ಸಾಕು ಅಂದಾಗ ನಿಲ್ಲಿಸ್ತೀವಿ, ಮೇಡಂ.”

ಅಲ್ಲೇ ಎಡವಟ್ಟಾಯಿತು! ನಮ್ಮ ಮನೆಯಲ್ಲಿ ಬೀಗರ ಎದುರು ಊಟಕ್ಕೆ ಕೂತು ಮೊದಲು ‘ಸಾಕು’ ಅಂದವರು ಸೋತಂತೆ. ಮುಂದಿನ ಹತ್ತು ಮದುವೆಗಳಲ್ಲೂ ಅದನ್ನೇ ಹೇಳಿ ಆಡಿಕೊಳ್ಳುತ್ತಾರೆ. ನಾನು ಬೀಗಿತಿಯ ಮುಖ ನೋಡಿದೆ. ಬೀಗಿತಿ ನನ್ನ ಮುಖ ನೋಡಿದರು. ಇಬ್ಬರೂ ನಕ್ಕೆವು. ತುರಿ ಉದುರುತ್ತಲೇ ಇತ್ತು. ಶಾವಿಗೆ ಮುಳುಗಿತು, ತಟ್ಟೆ ಮುಳುಗಿತು!

“ಸಾಕನ್ನಮ್ಮಿ!” ಪಕ್ಕದಿಂದ ನನ್ನ ಯಜಮಾನರು ದೊಡ್ಡಮಾದಪ್ಪ ತಿವಿದರು.

“ಸುಮ್ಕಿರಿ, ಅವ್ರಿನ್ನೂ ಅಂದಿಲ್ಲ!”

“ಆ ಹೈಕಳ ಕೈ ಬಿದ್ದೋಯ್ತದೆ ಕಣೇ!”

“ಮಾನ ಬಿದ್ದೋದ್ರೆ?”

ಕೊನೆಗೆ ಎರಡು ಗಟ್ಟಿಗಳೂ ಮುಗಿದವು. ಬೆವರು ಒರೆಸಿಕೊಂಡು ಬಡಿಸುವವರಿಬ್ಬರೂ ಒಳಗೆ ಓಡಿದರು. ಯುದ್ಧ ಸಮಸಮ! ಆದರೆ ತಟ್ಟೆಯಲ್ಲಿ ಬಿಟ್ಟರೂ ಸೋಲೇ ಅಲ್ಲವೇ? ಬಾಯಿಗಿಟ್ಟರೆ ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ. ಉಸಿರು ಕಟ್ಟಿಕೊಂಡು, ಮುದ್ದೆ ನುಂಗುವ ಹಾಗೆ ಅಗಿಯದೆ ನುಂಗಿ, ತಟ್ಟೆ ಬಳಿದಿಟ್ಟೆ. ಬೀಗಿತಿ ಮುಟ್ಟಿರಲೇ ಇಲ್ಲ. ಗೆದ್ದೆ! ಜಯಭೇರಿ ರಾತ್ರಿಯಿಡೀ ಹೊಟ್ಟೆಯೊಳಗೇ ಮೊಳಗಿತು.

ಬೆಳಿಗ್ಗೆ ಬೀಗಿತಿಯ ಫೋನು ಬಂತು.

“ಸಂಬಂಧ ನಮ್ಗೆ ಒಪ್ಗೆ ಕಣಮ್ಮ. ಆ ತುರಿ ವಾಸ್ನೆಗೇ ನಂಗೆ ಒಟ್ಟೆ ತೊಳಸ್ಬುಡ್ತು. ನೀವು ಸಾಕಂದ್ಮ್ಯಾಲೆ ಅನ್ನಾವ ಅಂತ ಕಾದೆ. ನೀವು ತಟ್ಟೆ ಬಳ್ದಾಗ್ಲೇ ಗೊತ್ತಾಗಿದ್ದು, ಅದು ನಿಮ್ಗೆ ಪಂಚಪ್ರಾಣ ಅಂತ! ಅದ್ಕೇ ನಿಶ್ಚಿತಾರ್ಥದೂಟಾನೂ ಅಲ್ಲೇ ಏಳಿವ್ನಿ. ನಿಮ್ಗೇ ಅಂತ ಒಂದು ಇಡೀ ಗಟ್ಟಿ. ಸಾಕಾ?”

ಎದುರಿಗೆ ಶೃತಿ ಕೈಮುಗಿದು, ಕಣ್ಣರಳಿಸಿ ನಿಂತಿದ್ದಳು.

“ಒಂದೇನಾ? ಎರಡಿರ್ಲಿ ಬುಡಿ, ಬೀಗ್ತಿ!” ಎಂದೆ.

ಫೋನು ಅವಳ ಕೈಗಿಟ್ಟು, ಹೊಟ್ಟೆ ಹಿಡಿದುಕೊಂಡೇ ಕೊಟ್ಟಿಗೆಗೆ ಹೋಗಿ ಸಗಣಿ ಬಾಚತೊಡಗಿದೆ.