ತಿಪ್ಪೇಸ್ವಾಮಿಯ ಮರೆವಿನ ಟೋಪಿ

"ನೋಡಿ ಭಾವ, ಮರೆವಿನ ಟೋಪಿ!" ಎಂದು ತಿಪ್ಪೇಸ್ವಾಮಿ ಮೇಜಿನ ಮೇಲಿನ ಬಟ್ಟೆ ಸರಿಸಿದ. ಇಡ್ಲಿ ಪಾತ್ರೆಗೆ ವೈರು ಸುತ್ತಿದಂತಿತ್ತು.

"ಮರೆಯೋಕೂ ಯಂತ್ರ ಬೇಕೇನೋ? ನನಗೆ ವಯಸ್ಸೇ ಸಾಕು," ಎಂದೆ.

ಇವನು ನನ್ನ ಹೆಂಡತಿ ಪಂಕಜಳ ತಮ್ಮ. ನನ್ನ ಸಕ್ಕರೆ ಕಾಯಿಲೆಗಾಗಿ ವರ್ಷಗಟ್ಟಲೆ ಒದ್ದಾಡಿ, ರಕ್ತದ ಸಕ್ಕರೆ ತೋರಿಸುವ ಒಂದು ಸ್ಟ್ರಿಪ್ ಮಾಡಿದ್ದ. ಮೇಲಿನ ಪದರ ರಕ್ತದ ಹನಿಯನ್ನು ಸಮನಾಗಿ ಹರಡುತ್ತದೆ, ನಡುವಿನದು ಕೆಂಪನ್ನು ತಡೆಯುತ್ತದೆ, ಕೆಳಗಿನದು ಸಕ್ಕರೆಗೆ ತಕ್ಕಂತೆ ನೀಲಿಯಾಗುತ್ತದೆ. ಪೇಟೆಂಟ್ ಕಚೇರಿಯವರು ಒಪ್ಪಲಿಲ್ಲ. ಈ ಪದರಗಳೆಲ್ಲ ಮೊದಲೇ ಇದ್ದವು, ಒಂದರ ಮೇಲೊಂದು ಇಡುವುದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ ಎಂದು ಬರೆದರು. ಪಾಪ, ಅವತ್ತು ಅವನು ಊಟ ಮಾಡಲಿಲ್ಲ. ತನ್ನ ಹೆಸರಿನಲ್ಲಿ ಒಂದೇ ಒಂದು ಪೇಟೆಂಟ್ ಬೇಕೆಂಬುದು ಅವನ ಜೀವಮಾನದ ಆಸೆ.

"ಉತ್ತರ ನೋಡ್ಕೊಂಡು ಲೆಕ್ಕ ಸುಲಭ ಅಂದ್ರೆ ಹೆಂಗೆ ಭಾವ? ಉತ್ತರ ಮರೆತು ಮಾಡ್ಲಿ, ನೋಡೋಣ! ಈ ಟೋಪಿ ಹಾಕಿದ್ರೆ ಸ್ಟ್ರಿಪ್ ಒಂದೇ ಮರೆತುಹೋಗುತ್ತೆ, ಮಿಕ್ಕ ವಿದ್ಯೆಯೆಲ್ಲ ಹಂಗೇ ಇರುತ್ತೆ."

"ಯಾರಿಗೆ ಹಾಕ್ತೀಯ?"

"ಈ ಕೆಲಸ ಬಲ್ಲೋನು ಚಿತ್ರದುರ್ಗದಾಗೆ ನಾನೊಬ್ಬನೇ ಅಲ್ವಾ!"

"ಮರೆತಿದ್ದು ವಾಪಸ್ ಬರುತ್ತೇನೋ?" ಪಂಕಜ ಕೇಳಿದಳು.

"ಅದನ್ನ ಆಮೇಲೆ ಕಂಡುಹಿಡೀತೀನಿ ಬಿಡಕ್ಕ!"

ಪೇಟೆಂಟ್ ಕಚೇರಿಯ ಮರುವಿಚಾರಣೆ ವಿಡಿಯೋದಲ್ಲಿ ನಡೆಯಿತು. ಅರ್ಜಿ ತಿರಸ್ಕರಿಸಿದ್ದ ಅಧಿಕಾರಿ ಮೇಡಂ ನೋಡುತ್ತಿದ್ದಂತೆಯೇ ಟೋಪಿ ಹಾಕಿಕೊಂಡ. ಗುಂಯ್ ಎಂದಿತು, ಕೂದಲು ಸುಟ್ಟ ವಾಸನೆ ಬಂತು. ಟೋಪಿ ತೆಗೆದವನೇ ತನ್ನ ಸ್ಟ್ರಿಪ್ಪನ್ನು ಎತ್ತಿಕೊಂಡು ಅದರಿಂದ ಕಿವಿ ಕೆರೆದುಕೊಂಡ! ಪಂಕಜ ಅದನ್ನು ಕಿತ್ತು ಬಚ್ಚಿಟ್ಟಳು.

ನಾನು ಸಮಸ್ಯೆ ಹೇಳಿದೆ. ಹನಿ ಸರಿಯಾಗಿ ಹರಡುವುದಿಲ್ಲ, ರಕ್ತದ ಕೆಂಪಿನಲ್ಲಿ ನೀಲಿ ಕಾಣುವುದಿಲ್ಲ, ಏನು ಮಾಡುವುದು? ಅವನು ಉತ್ಸಾಹದಿಂದ ನನ್ನ ಬೆರಳು ಚುಚ್ಚಿ, ಸಕ್ಕರೆಗೆ ನೀಲಿಯಾಗುವ ಕಾಗದದ ಮೇಲೆ ಹನಿ ಬೀಳಿಸಿದ. ರಕ್ತ ಒರೆಸಿದ, ನೀಲಿಯೂ ಹೋಯಿತು. ನೀರು ಹಾಕಿದ, ಸಕ್ಕರೆಯೇ ತೊಳೆದುಹೋಯಿತು! ಕಾಗದವನ್ನು ಫ್ಯಾನಿನ ರೆಕ್ಕೆಗೆ ಅಂಟಿಸಿ ಗಿರ್ರನೆ ತಿರುಗಿಸಿದ. ಗೋಡೆ, ಕ್ಯಾಲೆಂಡರು, ಕಂಪ್ಯೂಟರು, ಎಲ್ಲೆಲ್ಲೂ ನನ್ನ ರಕ್ತ!

"ಇವರ ಮೈಯಾಗೆ ಒಂದಿಷ್ಟು ಉಳಿಸ್ತೀಯೇನೋ?" ಪಂಕಜ ಕಿರುಚಿದಳು.

ಕೊನೆಗೆ ತಲೆ ಹಿಡಿದು ಕೂತ. "ಆಗಲ್ಲ ಭಾವ. ಇದು ಯಾರ ಕೈಲೂ ಆಗಲ್ಲ."

ನನಗೆ ಕುಣಿಯುವಷ್ಟು ಖುಷಿ! ಮೇಡಂ ಕೂಡ ತಲೆದೂಗಿ, ಅವನ ಅರ್ಜಿಯಲ್ಲಿದ್ದ ಸ್ಟ್ರಿಪ್ಪಿನ ಚಿತ್ರವನ್ನೇ ಪರದೆಗೆ ತಂದರು. "ಇದಕ್ಕೆ ಏನಂತೀರಿ?"

ತಿಪ್ಪೇಸ್ವಾಮಿ ಮುಖ ಸಿಂಡರಿಸಿದ. "ಥೂ, ಇಷ್ಟೇನಾ! ಒಂದರ ಮೇಲೊಂದು ಇಟ್ಟವ್ನೆ. ಯಾರಿಗಾದ್ರೂ ಹೊಳೆಯುತ್ತೆ ಬಿಡಿ ಮೇಡಂ!"

ಪಂಕಜ ಹಣೆ ಚಚ್ಚಿಕೊಂಡಳು.

"ಈಗ ತಾನೇ ಯಾರ ಕೈಲೂ ಆಗಲ್ಲ ಅಂದ್ರಿ," ಎಂದು ಮೇಡಂ ಮೆಲ್ಲಗೆ ನಕ್ಕರು. "ನಾನೂ ನಿಮ್ಮ ಹಾಗೆಯೇ, ನೋಡಿದ ಮೇಲೆ ಸುಲಭ ಅಂತ ಬರೆದುಬಿಟ್ಟಿದ್ದೆ."

ಪೇಟೆಂಟ್ ಬಂತು. ಅವನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಹೆಸರು ನಂದೇ ಐತೆ. ಆದ್ರೆ ನಾನು ಮಾಡಿದ್ದಲ್ಲ ಭಾವ," ಎಂದು ನನ್ನ ಕೈಗಿಟ್ಟ. ಕಣ್ಣಲ್ಲಿ ನೀರಿತ್ತು. ನೀನೇ ಮಾಡಿದ್ದು ಕಣೋ ಎಂದೆ. ಎಷ್ಟು ಹೇಳಿದರೂ ನಂಬಲಿಲ್ಲ. ಈಗ ಹಗಲೆಲ್ಲ ಬಾಗಿಲು ಹಾಕಿಕೊಂಡು, ಆ ಸ್ಟ್ರಿಪ್ಪನ್ನು ಸೋಲಿಸುವ ಇನ್ನೊಂದು ಸ್ಟ್ರಿಪ್ ಮಾಡುತ್ತಿದ್ದಾನೆ. ಹೊಟ್ಟೆಕಿಚ್ಚಿನವರನ್ನು ಬೇಕಾದಷ್ಟು ಕಂಡಿದ್ದೇನೆ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವವನು ನಮ್ಮ ಮನೆಯಲ್ಲೇ ಇರಬೇಕೆ?