ಮಾವ ಓಡಿದ್ದು

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಮ್ಮೆಯೂ ಓಡಿಲ್ಲ ಎಂದರೆ ನೀವು ನಂಬುವುದಿಲ್ಲ. ಓಡಿದ್ದಾರೆ ಎಂದರೆ ನಾವು ನಂಬುವುದಿಲ್ಲ! ಬೆಳಗಾವಿಯ ರಾಮತೀರ್ಥ ನಗರದ ಮನೆಯಿಂದ ಎದುರಿನ ಅಂಗಡಿಗೆ ಹಾಲು ತರಲೂ ಸ್ಕೂಟರ್ ತೆಗೆಯುವ ಮನುಷ್ಯ. ಕಣ್ಣೆದುರೇ ಬಸ್ಸು ಹೊರಟರೂ ಹೆಜ್ಜೆ ಬಿರುಸಾಗುವುದಿಲ್ಲ. "ಅದಕ್ಕ ಗರಜ ಇದ್ರ ನಿಂದರ್ತೈತಿ," ಎನ್ನುತ್ತಾರೆ.

ಇಂಥವರು ಒಂದು ದಿನ, ಬೆಳಗಾವಿಯಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಖಾನಾಪುರದವರೆಗೆ ಓಡುತ್ತೇನೆಂದು ಸಾರಿಬಿಟ್ಟರು! ಅಲ್ಲಿನ ಅಂಧ ಮಕ್ಕಳ ವಸತಿ ಶಾಲೆಯ ಅಡುಗೆಮನೆಯ ತಗಡು ಸೋರುತ್ತಿತ್ತು. ಹೊಸದು ಹೊದಿಸಲು ಬೇಕಾದ ಹಣವನ್ನು ಓಡಿ ಕೂಡಿಸುವುದು ಮಾವನ ಲೆಕ್ಕ. ಬೆಳಗಿನ ವಾಕಿಂಗ್ ಮುಗಿಸಿ ಮಾವನ ಜೊತೆ ಚಹಾಕ್ಕೆ ಕೂಡುವ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವು ಓಡಿ ಮುಟ್ಟಿದ್ರ ತಗಡಿನ ಖರ್ಚೆಲ್ಲಾ ನಮ್ದರೀ. ನಡುವ ಗಾಡಿ ಹತ್ತಿದ್ರ ಒಂದ ಪೈಸಾನೂ ಇಲ್ಲ," ಎಂದು ಕರಾರು ಹಾಕಿದರು. ಕೊಡುವ ಪ್ರಸಂಗವೇ ಬರುವುದಿಲ್ಲ ಎಂಬ ಧೈರ್ಯವಿದ್ದಾಗ ಔದಾರ್ಯ ಹೇಗೆ ಉಕ್ಕುತ್ತದೆ ನೋಡಿ!

ಓಟದ ದಿನ ನಾನು ನೀರಿನ ಬಾಟಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆ ಹೊರಟೆ. ನಮ್ಮ ಕಡೆ ಯಾರೋ ಒಳ್ಳೆಯ ಕೆಲಸಕ್ಕೆ ಹೊರಟಿದ್ದಾರೆ ಎಂದು ಗೊತ್ತಾದರೆ ಸಾಕು, ಕೆಲಸ ಮುಗಿಯುವ ಮೊದಲೇ ತಲೆಗೆ ಫೇಟಾ, ಹೆಗಲಿಗೆ ಶಾಲು, ಕೈಗೆ ತೆಂಗಿನಕಾಯಿ! ಮನೆಯ ಗೇಟಿನಲ್ಲೇ ಒಂದು ಸತ್ಕಾರವಾಯಿತು. ಊರು ದಾಟುವ ಮುನ್ನ ಮತ್ತೊಂದು. ದಾರಿಯಲ್ಲಿ ಸಿಗುವ ಮಚ್ಛೆ ಊರಿನಲ್ಲಿ ಕಾರ್ಖಾನೆಯ ಮಾಲೀಕರೊಬ್ಬರು ಪೆಂಡಾಲನ್ನೇ ಹಾಕಿಸಿದ್ದರು. ಭಾಷಣವನ್ನು ಮಾವನ ಬಗ್ಗೆ ಶುರುಮಾಡಿ ತಮ್ಮ ಬಗ್ಗೆ ಮುಗಿಸಿದರು. ಅಷ್ಟರಲ್ಲಿ ಮಾವ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

"ಮಾಮಾ, ಇನ್ನ ಸಾಕ ಅನ್ರಿ," ಎಂದೆ.

"ಒಲ್ಲೆ ಅಂದ್ರ ಮಂದಿ ಮನಸಿಗೆ ಹತ್ತತೈತಿ. ನೀ ಈ ಕಾಯಿ ಹಿಡಿ!"

ಊರೂರಿನ ಸತ್ಕಾರದ ಕಾಯಿಗಳ ಭಾರಕ್ಕೆ ನನ್ನ ಸ್ಕೂಟರ್ ಏದುಸಿರು ಬಿಡತೊಡಗಿತು. ಶಾಲುಗಳೋ, ಸೊಳ್ಳೆ ಪರದೆಗಿಂತ ತೆಳು. ಇಷ್ಟು ಖರ್ಚನ್ನು ತಗಡಿಗೇ ಕೊಟ್ಟಿದ್ದರೆ ಮಾವ ಮನೆಯಲ್ಲಿ ಕುಳಿತು ಚಹಾ ಕುಡಿಯಬಹುದಿತ್ತು. ಆದರೆ ತಗಡಿನ ಜೊತೆ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ!

ಖಾನಾಪುರ ಮುಟ್ಟುವಾಗ ಸಂಜೆಯಾಗಿತ್ತು. ಶಾಲೆಯ ಓಣಿಗೆ ತಿರುಗಿದ್ದೇ ತಡ, ಮಾವನ ಮೊಣಕಾಲು ಮುಷ್ಕರ ಹೂಡಿತು. ಕಲ್ಲೊಂದರ ಮೇಲೆ ಕುಸಿದರು. ಓಣಿಯ ಕೊನೆಗೆ ಶಾಲೆಯ ಗೇಟಿನಲ್ಲಿ, ಮಾವ ಸೋಲುವುದನ್ನು ನೋಡಲೆಂದೇ ಕಾರಿನಲ್ಲಿ ಬಂದಿದ್ದ ವಾಕಿಂಗ್ ಗೆಳೆಯರು ನಿಂತಿದ್ದರು.

"ಆಗೂದಿಲ್ಲಪಾ. ಸ್ಕೂಟರ್ ಹತ್ತಿಬಿಡ್ತೇನಿ," ಎಂದರು ಮಾವ. ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ದಾರಿ ಕಾಯುತ್ತಿದ್ದ ಮಕ್ಕಳು ಒಬ್ಬರ ಹೆಗಲನ್ನೊಬ್ಬರು ಹಿಡಿದು, ಟೀಚರ್ ಜೊತೆ ನಮ್ಮ ಹತ್ತಿರ ಬಂದರು. ಒಬ್ಬ ಹುಡುಗಿ ಮಾವನ ಮೊಣಕಾಲು ಸವರುತ್ತ ಕೇಳಿದಳು: "ಅಜ್ಜಾರ, ಓಡೂದಂದ್ರ ಹ್ಯಾಂಗಿರತೈತ್ರಿ? ಬೀಳ್ತೀರಿ ಅಂತ ನಮ್ಮನ್ನ ಯಾರೂ ಓಡಾಕ ಬಿಡೂದಿಲ್ಲ."

ಮಾವ ನನ್ನ ಕಡೆ ಕೈಚಾಚಿ, "ಆ ಶಾಲ ಎಲ್ಲಾ ತಾ," ಎಂದರು.

ಶಾಲಿಗೆ ಶಾಲು ಗಂಟು ಹಾಕಿ ಹಗ್ಗ ಮಾಡಿದರು. ಒಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು, ಉಳಿದದ್ದನ್ನು ಮಕ್ಕಳ ಕೈಗೆ ಕೊಟ್ಟರು. "ಮುಂದ ನಾ ಅದೇನಿ. ಬಿದ್ರ ಮೊದಲ ನಾ ಬೀಳ್ತೇನಿ. ಓಡ್ರಿ!"

ಓಡಿದರು! ಕುಂಟುತ್ತ ಮಾವ, ಕೇಕೆ ಹಾಕುತ್ತ ಮಕ್ಕಳು. ಗೇಟು ಮುಟ್ಟಿದಾಗ ಗೆಳೆಯರಲ್ಲಿ ಯಾರೂ ನಗಲಿಲ್ಲ. "ತಗಡು ನಮ್ದರೀ," ಎಂದು ಒಬ್ಬರು ಮೆಲ್ಲಗೆ ಹೇಳಿದರು.

ಆ ಹುಡುಗಿ ಶಾಲು ಬಿಟ್ಟಿರಲಿಲ್ಲ. "ಅಜ್ಜಾರ, ಇನ್ನೊಮ್ಮಿ ಓಡೂಣ್ರಿ?"

ಬಸ್ಸಿಗೂ ಓಡದ ನಮ್ಮ ಮಾವ ಆ ಕೆಟ್ಟ ಮೊಣಕಾಲಿನ ಮೇಲೆ ತಿರುಗಿ ನಿಂತರು. ನಾನು ಸ್ಕೂಟರ್ ಬದಿಗಿಟ್ಟು, ಶಾಲಿನ ಕೊನೆಯ ತುದಿ ಹಿಡಿದುಕೊಂಡೆ.