ಬೂಟಿನ ಪ್ರಶ್ನೆ ಮತ್ತು ಬೀಗರೂಟ

ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಗಂಡಸನ್ನು ಟೀವಿ ಇರುವ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಹೆಂಡತಿಯ ದೃಢವಾದ ಅಭಿಪ್ರಾಯ. ಅದರಲ್ಲಿ ತಪ್ಪೇನೂ ಇಲ್ಲ. ಹಾಸನದ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಿಂದಲೂ ಅತ್ತೆ ಸೊಸೆಯರ ಜಗಳ ಕೇಳಿಸುವ ಹೊತ್ತಿಗೆ ನಮ್ಮ ಮನೆಯಿಂದ ಮಾತ್ರ ಆಡಳಿತ ಪಕ್ಷ ಮತ್ತು ವಿರೋಧ ಪಕ್ಷದ ಜಗಳ ಕೇಳಿಸುತ್ತದೆ. ಅದರಲ್ಲೂ ನಮ್ಮ ಎಂಪಿ ಮರಿಸಿದ್ದಪ್ಪನವರು ಎದ್ದು ನಿಂತರೆಂದರೆ ನಾನು ಸೌಂಡು ಜಾಸ್ತಿ ಮಾಡಿ, ಕನ್ನಡಕ ಒರೆಸಿಕೊಂಡು, ಮುಂದಕ್ಕೆ ಬಾಗಿ ಕೂರುತ್ತೇನೆ. "ಅಲ್ಲ ಕಣ್ರೀ, ಆವಯ್ಯ ಅಲ್ಲಿ ನಿಂತ್ಕೊಂಡು ಬಯ್ತಾರೆ, ನೀವು ಇಲ್ಲಿ ಕೂತ್ಕೊಂಡು ನಗ್ತೀರ. ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ನೋಡ್ಕೊಳ್ಳೋರು ಯಾರು?" ಎಂದು ಅವಳು ಅಡುಗೆಮನೆಯಿಂದಲೇ ಕೇಳುತ್ತಾಳೆ. ಈ ದೇಶದಲ್ಲಿ ಪ್ರಶ್ನೆ ಕೇಳುವುದು ಸುಲಭ, ಉತ್ತರ ಹೇಳುವುದು ಕಷ್ಟ ಎಂದುಕೊಂಡು ನಾನು ಸೌಂಡನ್ನು ಇನ್ನೊಂದಿಷ್ಟು ಏರಿಸುತ್ತೇನೆ.

ಮರಿಸಿದ್ದಪ್ಪನವರು ವಿರೋಧ ಪಕ್ಷದವರು. ಅವರ ಪಕ್ಷ ದಿಲ್ಲಿಯಲ್ಲಿ ಅಧಿಕಾರಕ್ಕೆ ಬರುವ ಸೂಚನೆ ಅವರ ಕಾಲಕ್ಕೂ ಇಲ್ಲ, ಅವರ ಮೊಮ್ಮಕ್ಕಳ ಕಾಲಕ್ಕೂ ಇಲ್ಲ. ಹಾಗಾಗಿ ಕೊನೆಯ ಸಾಲಿನಲ್ಲಿ ಒಂದು ಕುರ್ಚಿ, ಚರ್ಚೆಯ ಬಾಲದಲ್ಲಿ ಐದು ನಿಮಿಷ, ಇಷ್ಟೇ ಅವರ ಪಾಲು. ಅವರಿಗೆ ಅದೇನು ಹುಚ್ಚೋ, ಇರುವ ಆ ಐದು ನಿಮಿಷವನ್ನೂ ರಕ್ಷಣಾ ಖಾತೆಗೇ ಸುರಿಯುತ್ತಾರೆ. ಬಂದೂಕು ಅಂತ ಅವರು ಹತ್ತಿರದಿಂದ ನೋಡಿದ್ದು ತಮ್ಮ ಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಹೆದರಿಸಲು ಇಟ್ಟಿದ್ದ ನಾಡಬಂದೂಕು ಒಂದನ್ನೇ. ಆದರೂ ಓದಿಕೊಂಡು ಹೋಗುತ್ತಾರೆ, ಕೇಳುತ್ತಾರೆ. ಒಮ್ಮೆ ಒಂದು ಫಿರಂಗಿ ಆರ್ಡರು ಕೊಟ್ಟು ವರ್ಷಗಟ್ಟಲೆಯಾದರೂ ಯಾಕೆ ಬಂದಿಲ್ಲ ಎಂದು ಕೇಳಿದರು. ಮಂತ್ರಿಗಳು ನಮ್ಮ ಯೋಧರ ಶೌರ್ಯವನ್ನು ಗಂಟಲು ಕಟ್ಟುವವರೆಗೆ ಹೊಗಳಿ ಕೂತರು. ಮೇಜು ಬಡಿತವೆಲ್ಲ ಮುಗಿದ ಮೇಲೆ ನಮ್ಮವರು ಮತ್ತೆ ಎದ್ದು, "ಸೈನಿಕರ ಶೌರ್ಯದ ಬಗ್ಗೆ ನನಗೇನೂ ಅನುಮಾನ ಇಲ್ಲ ಸ್ವಾಮಿ. ನಾನು ಕೇಳಿದ್ದು ಫಿರಂಗಿ ಎಲ್ಲಿ ಅಂತ" ಎಂದರು. ಆಗ ಮೈಕು ಆಫಾಯಿತು. ಅವರು ಮೈಕಿಲ್ಲದೆಯೂ ಮಾತಾಡುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು.

ನಮ್ಮ ಜಿಲ್ಲೆಯವರಿಗೆ ಇದರಿಂದ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಮಾರನೆಯ ದಿನ ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಫಿರಂಗಿಯ ವಿಷಯ ತೆಗೆದೆ. ಎದುರಿಗಿದ್ದ ಹಳ್ಳಿಮೈಸೂರಿನ ಯಜಮಾನರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಅದೆಲ್ಲಾ ಸರಿ ಸಾ. ನಮ್ಮಪ್ಪನ ತಿಥಿಗೆ ಯಾಕ್ ಬರ್ನಿಲ್ಲ ಅವ್ರು?" ಎಂದರು. ದಿಲ್ಲಿಯಲ್ಲಿ ಕಲಾಪ ಇತ್ತಲ್ಲ ಎಂದೆ. "ನಮ್ಮಪ್ಪ ಎಲ್ಡ್ ಸಲ ಸಾಯ್ತಾನಾ? ಕಲಾಪ ದಿನಾ ಇರ್ತದೆ" ಎಂದರು. ನಮ್ಮ ಕಡೆ ಜನಪ್ರತಿನಿಧಿಯ ಹಾಜರಿ ತೆಗೆದುಕೊಳ್ಳುವುದು ಹೀಗೆಯೇ. ತಿಥಿಗೆ ಬಂದರೇ, ಮದುವೆಯಲ್ಲಿ ಅಕ್ಷತೆ ಹಾಕಿ ಗಂಡುಹೆಣ್ಣಿನ ನಡುವೆ ನಿಂತು ಫೋಟೋ ತೆಗೆಸಿಕೊಂಡರೇ, ಬೀಗರೂಟದಲ್ಲಿ ಕೂತು ಮುದ್ದೆ ಮುರಿದರೇ? ಬಂದವನು ದೇವರಂಥ ಮನುಷ್ಯ. ಬಾರದವನು ಕೈಲಾಸವನ್ನೇ ಗೆದ್ದು ತಂದರೂ ಅಹಂಕಾರಿ. ಚನ್ನರಾಯಪಟ್ಟಣದಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ಒಂದೇ ಪಕ್ಷಕ್ಕೆ ಓಟು ಹಾಕುತ್ತಿದ್ದವರು ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಎಂಪಿ ಬರಲಿಲ್ಲವೆಂದು ಪಕ್ಷವನ್ನೇ ಬದಲಾಯಿಸಿದರು. ಆ ಮಗುವಿಗೆ ಈಗ ಕಿವಿಯೋಲೆಯ ಜೊತೆಗೆ ಒಂದು ಸಿದ್ಧಾಂತವೂ ಇದೆ.

ನನಗೆ ರೇಗಿತು. ಸ್ಥಳೀಯ ಪತ್ರಿಕೆಗೆ ಒಂದು ಲೇಖನ ಬರೆದು ಹಾಕಿದೆ. ಸಂಸದನನ್ನು ನಾವು ಆರಿಸುವುದು ಸರ್ಕಾರವನ್ನು ಪ್ರಶ್ನಿಸಲಿಕ್ಕೋ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡಲಿಕ್ಕೋ? ಕಲಾಪದ ದಿನ ಅವನನ್ನು ಊಟಕ್ಕೆ ಕರೆಯುವವನು ಪ್ರಜಾಪ್ರಭುತ್ವದ ಎಲೆಯನ್ನೇ ಮಡಚುವವನು. ಹೀಗೆಲ್ಲ ಬರೆದಿದ್ದೆ. ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ಹೊಗಳಿದರು. ಮರಿಸಿದ್ದಪ್ಪನವರೇ ಫೋನು ಮಾಡಿ, "ಮೇಷ್ಟ್ರೇ, ಅದನ್ನ ಫ್ರೇಮ್ ಹಾಕ್ಸಿ ನಮ್ಮ ಆಫೀಸಲ್ಲಿ ನೇತಾಕಿವ್ನಿ. ಲಗ್ನಪತ್ರಿಕೆ ಕೊಡಕ್ಕೆ ಬಂದೋರ್ಗೆಲ್ಲ ಮೊದ್ಲು ಅದನ್ನ ಓದಿ ಅಂತೀನಿ" ಎಂದರು. ನಾನು ಒಂದು ವಾರ ನೆಲದಿಂದ ಸ್ವಲ್ಪ ಮೇಲೆಯೇ ಓಡಾಡಿದೆ.

ಆ ಲೇಖನ ಓದಿಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದವನು ಹವಾಲ್ದಾರ್ ಜವರಪ್ಪ. ಕಟ್ಟಾಯದವನು, ನನ್ನ ಹಳೆಯ ಶಿಷ್ಯ. ಪಿಯುಸಿಯಲ್ಲಿ ನನ್ನ ವಿಷಯದಲ್ಲೇ ಫೇಲಾಗಿ ಸೈನ್ಯಕ್ಕೆ ಸೇರಿದವನು. ಹಿಮದ ಗಡಿಯಲ್ಲಿ ಕಾವಲಿಗಿದ್ದಾಗ ಅವನಿಗೆ ಕೊಟ್ಟಿದ್ದ ಬೂಟಿನ ಅಟ್ಟೆ ಕಿತ್ತು ಬಂತು. ಬೇರೆ ಬೂಟು ಬರುವಷ್ಟರಲ್ಲಿ ಎಡಗಾಲಿನ ಬೆರಳುಗಳು ಹೋದವು. ಈ ಕತೆಯನ್ನು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಾನೆ. ಹೇಳಿದ ಮೇಲೆ ಚಪ್ಪಲಿ ಬಿಚ್ಚಿ ತೋರಿಸುತ್ತಾನೆ, ಎದುರಿನವರು ತಿಂಡಿ ತಿನ್ನುತ್ತಿದ್ದರೂ ಬಿಡುವುದಿಲ್ಲ. ಮಿಲಿಟರಿ ಕ್ಯಾಂಟೀನಿನ ರಮ್ಮು ಸಿಗುತ್ತದೆಂಬ ಆಸೆಗೆ ಊರವರು ಆ ಕತೆಯನ್ನು ಸಹಿಸಿಕೊಳ್ಳುತ್ತಾರೆ. "ನಂಗೆ ಪರಿಹಾರ ಬ್ಯಾಡ ಸಾ, ಪೆನ್ಸನ್ ಬತ್ತದೆ. ಆ ಬೂಟ್ನ ನೋಡಿ, ಇದು ಸರಿಯಾಗೈತೆ ಅಂತ ಸೀಲ್ ಒತ್ತಿ ಪಾಸ್ ಮಾಡ್ದೋನು ಯಾರು? ಅದೊಂದ್ ಏಳ್ಬುಡ್ಲಿ ಸಾಕು. ಬರ್ದು ಬರ್ದು ಸಾಕಾಯ್ತು. ಬೂಟು ನಿಯಮದ ಪ್ರಕಾರ ಅದೆ ಅಂತ ಆಫೀಸ್ನೋರು ತಿರ್ಗಿ ಬರೀತವ್ರೆ. ನಿಯಮಕ್ಕೆ ಬೆರಳಿಲ್ವಲ್ಲ ಸಾ" ಎಂದ.

ಇದಪ್ಪ ಪ್ರಶ್ನೆ ಅಂದರೆ, ಎನ್ನಿಸಿತು. ಉತ್ತರದಾಯಿತ್ವ ಎಂಬ ಪಾಠವನ್ನು ಎಷ್ಟು ವರ್ಷ ಹೇಳಿದ್ದೆನೋ, ಅದು ಕುಂಟುತ್ತಾ ನಮ್ಮ ಮನೆಯ ಬಾಗಿಲಿಗೇ ಬಂದಿತ್ತು. ನಾನೇ ಅವನನ್ನು ಮರಿಸಿದ್ದಪ್ಪನವರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾಲು ನೋಡಿದರು, ಕಣ್ಣಲ್ಲಿ ನೀರು ತಂದುಕೊಂಡರು. ಬಜೆಟ್ ಅಧಿವೇಶನದಲ್ಲಿ ರಕ್ಷಣಾ ಖಾತೆಯ ಚರ್ಚೆ ಬರುತ್ತದೆ, ಅವತ್ತು ಇದೊಂದನ್ನೇ ಕೇಳುತ್ತೇನೆ, ಮಂತ್ರಿ ಉತ್ತರ ಹೇಳುವವರೆಗೆ ಕೂರುವುದಿಲ್ಲ ಎಂದರು. ಜವರಪ್ಪ ಎದ್ದು ಸೆಲ್ಯೂಟ್ ಹೊಡೆದ.

ಇಲ್ಲಿಗೆ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ನನ್ನ ಮಗಳಿಗೆ ಗಂಡು ನಿಶ್ಚಯವಾಯಿತು. ಬೀಗರು ಅರಕಲಗೂಡಿನವರು, ಶುಂಠಿ ವ್ಯಾಪಾರದಲ್ಲಿ ದೊಡ್ಡ ಹೆಸರು. ಮಾತುಕತೆಯ ದಿನ ಅವರು ತಮ್ಮ ಮನೆಗೆ ಬಂದುಹೋದ ಶಾಸಕರು, ಮಂತ್ರಿಗಳನ್ನು ಒಬ್ಬೊಬ್ಬರನ್ನಾಗಿ ಹೇಳುತ್ತಾ ಹೋದರು. ಯಾರು ಎಷ್ಟು ಮುದ್ದೆ ಉಂಡರು ಎಂಬ ವಿವರವೂ ಇತ್ತು. ಕೇಳಿ ಕೇಳಿ ನನ್ನ ಕಡೆಯೂ ಏನಾದರೂ ಇರಬೇಕಲ್ಲ ಎನ್ನಿಸಿ, "ನಮ್ಮ ಬೀಗರೂಟಕ್ಕೆ ಎಂಪಿ ಮರಿಸಿದ್ದಪ್ಪನವರೇ ಬರ್ತಾರೆ" ಎಂದುಬಿಟ್ಟೆ. ಬೀಗರು ಮೊದಲ ಬಾರಿಗೆ ನನ್ನನ್ನು ಗಮನವಿಟ್ಟು ನೋಡಿದರು. ಹೆಂಡತಿಯೂ ನೋಡಿದಳು, ಆ ನೋಟವೇ ಬೇರೆ.

ಮದುವೆ ಮುಗಿದ ಮೇಲಿನ ಆ ಊಟಕ್ಕೆ ಭಾನುವಾರ ಸಿಗಲಿಲ್ಲ, ಅಡುಗೆಯವನು ಪುರುಸೊತ್ತಿಲ್ಲ ಎಂದ. ಸೋಮವಾರ ಶನಿವಾರ ಬಾಡೂಟಕ್ಕೆ ಆಗುವುದಿಲ್ಲ. ಬುಧವಾರ ಎಂದು ಗೊತ್ತಾಯಿತು. ಫೋನು ಮಾಡಿದರೆ ಮರಿಸಿದ್ದಪ್ಪನವರು, "ಅಯ್ಯೋ ಮೇಷ್ಟ್ರೇ, ಅವತ್ತೇ ಡಿಫೆನ್ಸ್ ಚರ್ಚೆ. ನಿಮ್ಮ ಜವರಪ್ಪನ ಬೂಟೂ ಅವತ್ತೇ" ಎಂದರು. ನನಗೆ ಗೊತ್ತಿತ್ತು. ಅಧಿವೇಶನದ ದಿನಚರಿ ನನಗಿಂತ ಚೆನ್ನಾಗಿ ಈ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ಮತ್ತೆ ನೀವೇ ಬರ್ದಿದ್ರಲ್ಲ, ನಾನು ಫ್ರೇಮ್ ಹಾಕ್ಸಿವ್ನಿ" ಎಂದರು. ಅದು ಸಾರ್ವಜನಿಕರಿಗಾಗಿ ಬರೆದದ್ದು ಎಂದೆ. ಆಮೇಲೆ ನನ್ನ ಬಾಯಲ್ಲಿ ಸರಸ್ವತಿ ಕುಣಿದಳು. ನೀವು ಕೇಳಿದ ತಕ್ಷಣ ಅವರು ಹೇಳಿಬಿಡುತ್ತಾರೆಯೇ? ಇಷ್ಟು ವರ್ಷದಲ್ಲಿ ಯಾವ ಪ್ರಶ್ನೆಗೆ ಉತ್ತರ ಬಂದಿದೆ? ಬೆರಳು ಹೋದದ್ದು ಹೋಯಿತು, ಈ ಬುಧವಾರ ಕೇಳಿದರೂ ಮುಂದಿನ ಅಧಿವೇಶನದಲ್ಲಿ ಕೇಳಿದರೂ ಅದು ಮತ್ತೆ ಚಿಗುರುವುದಿಲ್ಲ. ಅರಕಲಗೂಡಿನಲ್ಲಿ ನಮ್ಮ ಬೀಗರು ಹೇಳಿದ ಕಡೆಗೆ ಊರೂರೇ ಓಟು ಹಾಕುತ್ತದೆ. ಕೊನೆಯ ಮಾತನ್ನು ನಾನು ಮೆತ್ತಗೆ ಹೇಳಿದೆ, ಅವರಿಗೆ ಅದು ಜೋರಾಗಿಯೇ ಕೇಳಿಸಿತು. "ನೀವು ಅಷ್ಟು ಹೇಳ್ಬೇಕಾ ಮೇಷ್ಟ್ರೇ, ಬತ್ತೀನಿ" ಎಂದರು. ಒಪ್ಪಿಸಲು ಇನ್ನೂ ಎರಡು ವಾದ ಇಟ್ಟುಕೊಂಡಿದ್ದೆ, ಅವು ಹಾಗೇ ಉಳಿದವು. ಜವರಪ್ಪನಿಗೆ ಅವರು ಹೇಳಬಹುದೆಂದು ನಾನೂ, ನಾನು ಹೇಳಬಹುದೆಂದು ಅವರೂ ಅಂದುಕೊಂಡೆವು.

ಬುಧವಾರ ಬಂತು. ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ. ಮಟನ್ ಸಾರಿನ ವಾಸನೆಗೆ ಬೀದಿಯ ಸಸ್ಯಾಹಾರಿಗಳೂ ಒಂದು ಸಲ ಬಂದು ಕ್ಷೇಮಸಮಾಚಾರ ವಿಚಾರಿಸಿ ಹೋದರು. ಜವರಪ್ಪ ಬೆಳಗ್ಗೆಯೇ ಕಟ್ಟಾಯದಿಂದ ಬಂದ, ಚೀಲದಲ್ಲಿ ರಮ್ಮು, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಪದಕ. ಚೀಲವನ್ನು ಗಂಡಸರಿಗೆ ಒಪ್ಪಿಸಿ ತಾನೊಂದು ತೊಟ್ಟೂ ಮುಟ್ಟದೆ ನಮ್ಮ ಹಾಲಿಗೆ ಬಂದು ಟೀವಿ ಮುಂದೆ ಕೂತ. "ಸೌಂಡ್ ಜೋರಾಗ್ ಆಕಿ ಸಾ. ತೋಪಿನ ಸದ್ದು ಕೇಳಿ ಕೇಳಿ ಕಿವಿ ಮಂದ. ಇವತ್ತು ನನ್ ಬೂಟು ಪಾರ್ಲಿಮೆಂಟಲ್ಲಿ ಬತ್ತದೆ" ಎಂದ. ಊಟ ಮಾಡಿಕೊಂಡು ನೋಡುವೆಯಂತೆ ಎಂದೆ. "ಬ್ಯಾಡ ಸಾ, ಕೇಳಾದ್ಮೇಲೇ ಉಣ್ಣೋದು" ಎಂದ.

ಅಷ್ಟರಲ್ಲಿ ಶಾಮಿಯಾನದ ಕಡೆ ಕಾರು ನಿಂತ ಸದ್ದು. ಮರಿಸಿದ್ದಪ್ಪನವರು ಇಳಿದರು. ಬೀಗರು ಹಾರ ಹಾಕಿದರು, ಫೋಟೋ ಆಯಿತು, ಮೊದಲ ಪಂಕ್ತಿಯಲ್ಲಿ ಕೂರಿಸಿದ್ದೂ ಆಯಿತು. ಅವರಿಗೂ ಜವರಪ್ಪನಿಗೂ ನಡುವೆ ಇದ್ದದ್ದು ನಮ್ಮ ಹಾಲಿನ ಒಂದು ಕಿಟಕಿ. ನಾನು ಎಲೆಗೂ ಟೀವಿಗೂ ನಡುವೆ ಓಡಾಡಿದೆ. ರಿಮೋಟಿನ ಸೆಲ್ಲು ಹೋಗಿದೆ, ಟೀವಿ ಆರಿಸುತ್ತೇನೆ ಎಂದೆ. ಜವರಪ್ಪ ತನ್ನ ಜೇಬಿನಿಂದ ಸೆಲ್ಲು ತೆಗೆದು ಕೊಟ್ಟ. ಇಂಥದ್ದೇನಾದರೂ ಆಗಬಹುದೆಂದು ತಂದಿದ್ದನಂತೆ. ಸೈನಿಕರ ಪೂರ್ವಸಿದ್ಧತೆಯ ಬಗ್ಗೆ ನಾನು ತರಗತಿಯಲ್ಲಿ ಹೇಳಿದ್ದೆಲ್ಲ ನಿಜ ಎಂದು ಆಗ ಗೊತ್ತಾಯಿತು.

ಚರ್ಚೆ ನಡೆಯುತ್ತಿತ್ತು. ಯಾರೋ ಮಾತು ಮುಗಿಸಿದರು. ಪೀಠದಲ್ಲಿದ್ದವರು ಕಾಗದ ನೋಡಿ, "ಶ್ರೀ ಮರಿಸಿದ್ದಪ್ಪ ಜೀ" ಎಂದು ಕರೆದರು. ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ ಕರೆದರು. ಶಾಮಿಯಾನದಲ್ಲಿ ನಮ್ಮ ಸಂಸದರು, ಅಭ್ಯಾಸಬಲ ನೋಡಿ, ಸಾರು ತೊಟ್ಟಿಕ್ಕುವ ಕೈ ಮೇಲೆತ್ತಿ ಅರ್ಧ ಎದ್ದು, "ಮಾನ್ಯ ಸಭಾಧ್ಯಕ್ಷರೇ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಟೀವಿಯಲ್ಲಿ ಇನ್ನೊಂದು ಸಲ ಹೆಸರು ಕರೆದರು. ಹಾಜರಿಲ್ಲ ಎಂದರು. ಮುಂದಿನ ಹೆಸರು ಓದಿದರು. ಅಷ್ಟೇ.

ಜವರಪ್ಪ ಕಿಟಕಿಯಲ್ಲಿ ನೋಡಿದ. ಆಮೇಲೆ ನಿಧಾನವಾಗಿ, ಎಡಗಾಲು ಎಳೆದುಕೊಂಡು, ಶಾಮಿಯಾನಕ್ಕೆ ಬಂದು ಎಲೆಯ ಮುಂದೆ ನಿಂತ. "ಸಾ, ಇವತ್ತಲ್ವಾ ನನ್ ಬೂಟು?" ಎಂದ. ಮರಿಸಿದ್ದಪ್ಪನವರ ಬಾಯಲ್ಲಿ ಮೂಳೆ ಇತ್ತು. ಮೂಳೆಯ ಜೊತೆಗೇ ನನ್ನ ಕಡೆ ನೋಡಿದರು. ನಾನು ಮುಂದೆ ಬಂದು, "ಪಾಪ, ನಾನೇನೂ ಬಲವಂತ ಮಾಡಲಿಲ್ಲ ಜವರಪ್ಪ. ಅವರೇ ಪ್ರೀತಿಯಿಂದ ಬಂದುಬಿಟ್ಟರು" ಎಂದೆ.

"ಅವರೇ ಎಲ್ಲಿ ಬಂದ್ರು ಬೀಗ್ರೇ, ಸುಮ್ಕಿರಿ" ಎಂದು ನಮ್ಮ ಬೀಗರು ಎದ್ದು ನಿಂತು ನಾಲ್ಕೂ ಪಂಕ್ತಿಗೆ ಕೇಳುವಂತೆ ಹೇಳಿದರು. "ನಮ್ ಬೀಗ್ರು ಒಂದು ಫೋನ್ ಮಾಡಿ ಡೆಲ್ಲಿ ಕೆಲ್ಸನೇ ನಿಲ್ಸಿ ಕರೆಸವ್ರೆ. ಅಂತಾ ಮನೇಲಿ ಹೆಣ್ಣು ತಂದಿವ್ನಿ ಕಣ್ರಪ್ಪಾ ನಾನು." ಒಂದು ತಿಂಗಳಿಂದ ನಾನು ಅವರ ಬಾಯಲ್ಲಿ ಕೇಳಬೇಕೆಂದು ಹಂಬಲಿಸಿದ್ದ ಮಾತು ಇದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಜವರಪ್ಪ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಕುಡಿದು ಮಾತಾಡುತ್ತಾನೆ ಎಂದು ಹೇಳಿ ಹೊರಗೆ ಕಳಿಸಬಹುದಿತ್ತು. ಅವನು ಪಂಕ್ತಿಯ ಕೊನೆಯ ಎಲೆಯ ಮುಂದೆ ಕೂತ. ನಾನೇ ಸಾರಿನ ಬಕೆಟ್ಟು ಹಿಡಿದು ಬಡಿಸಲು ಹೋದೆ. ಅವನು ಮುದ್ದೆ ಮುರಿಯುತ್ತಾ, ನನಗೆ ಮಾತ್ರ ಕೇಳುವಂತೆ, ಸಮಾಧಾನವಾಗಿಯೇ ಹೇಳಿದ: "ಬೂಟ್ ಪಾಸ್ ಮಾಡ್ದೋನು ಯಾರು ಅಂತ ಇಷ್ಟ್ ವರ್ಸದಿಂದ ಕೇಳ್ತಿದ್ನಲ್ಲ ಸಾ, ಇವತ್ತು ಗೊತ್ತಾಯ್ತು ಬುಡಿ. ಅವ್ನೇನೂ ಕೆಟ್ಟೋನಲ್ಲ ಕಣ್ ಸಾ. ಬೂಟ್ ನೋಡೋ ದಿನ ಅವನ್ನ ಯಾರೋ ಬೀಗ್ರೂಟುಕ್ಕೆ ಕರ್ದವ್ರೆ. ಓಗವ್ನೆ. ಅಷ್ಟೇಯ."

ನೌಕರಿಯುದ್ದಕ್ಕೂ ಉತ್ತರದಾಯಿತ್ವದ ಪಾಠ ಮಾಡಿದ ನಾನು ಬಕೆಟ್ಟಿನ ತಳಕ್ಕೆ ಸೌಟು ಇಳಿಸಿದೆ. ಏನಾದರೂ ಉತ್ತರ ಹೇಳಲೇಬೇಕಿತ್ತು.

"ಇನ್ನೊಂದು ಪೀಸು ಹಾಕಲಾ ಜವರಪ್ಪ?" ಎಂದೆ.